ಭಜನಾ ಮಂದಿರಕ್ಕೆ ಕೊಟ್ಟ ಬ್ಯಾಟರಿ

ಸೂರ್ಯನು ಬಡವ ಬಲ್ಲಿದರೆಂಬ ಭೇದವಿಲ್ಲದೆ ಸಕಲರಿಗೂ ಬೆಳಗುತ್ತಾನೆ. ನಮ್ಮ ತಾರಸಿಯ ಮೇಲೆ ಬೆಳಗಲು ಮಾತ್ರ ಅವನಿಗೆ ವಿದ್ಯುತ್ ಕಚೇರಿಯ ಅಪ್ಪಣೆ ಬೇಕಾಯಿತು. ಅದು ಬರುವಾಗ ಒಂದು ಮಳೆಗಾಲ ಕಳೆದಿತ್ತು.

ಸೋಲಾರ್ ಹಾಕಿಸಿದ್ದು ಅಕ್ಕನಿಗಾಗಿ. ಭಾವ ತೀರಿದ ಮೇಲೆ ಪುತ್ತಿಗೆಯ ನಮ್ಮ ಮನೆಗೆ ಬಂದು, ನನ್ನನ್ನೂ ಅಡುಗೆಮನೆಯನ್ನೂ ಒಟ್ಟಿಗೆ ಆಳಿದವಳು. ಶ್ವಾಸಕೋಶ ಕೆಟ್ಟ ನಂತರ ಆಮ್ಲಜನಕದ ಯಂತ್ರವೊಂದು ಹಗಲಿರುಳು ಅವಳ ಮಂಚದ ಬದಿಯಲ್ಲಿ ಗುರುಗುಟ್ಟುತ್ತಿತ್ತು. ಕರೆಂಟು ಹೋದರೆ ಹಳೆಯ ಇನ್ವರ್ಟರ್ ಬ್ಯಾಟರಿಯೇ ಗತಿ. ಅಕ್ಕನ ಬೇಡಿಕೆ ಒಂದೇ: "ತಮ್ಮಾ, ನನ್ನನ್ನು ಆಸ್ಪತ್ರೆಗೆ ಮಾತ್ರ ಕೊಂಡುಹೋಗಬೇಡ. ಸಾಯುವುದಾದರೆ ಇಲ್ಲಿಯೇ."

ಹಗಲು ಮಿಕ್ಕಿದ ಕರೆಂಟು ಲೈನಿಗೆ, ರಾತ್ರಿಗೆ ಬೇಕಾದದ್ದು ಲೈನಿನಿಂದ. ಸರ್ಕಾರದೊಡನೆ ಕೊಟ್ಟು ತರುವ ಬಳಕೆ ಇಟ್ಟುಕೊಂಡವರಲ್ಲಿ ನಮ್ಮ ವಂಶಕ್ಕೆ ನಾನೇ ಮೊದಲಿಗ. ಆ ಸಂಭ್ರಮದಲ್ಲಿ ಅಕ್ಕ ಆಜ್ಞೆ ಹೊರಡಿಸಿದಳು:

"ಇನ್ನು ಈ ಇನ್ವರ್ಟರ್ ಎಂತಕ್ಕೆ? ಭಜನಾ ಮಂದಿರಕ್ಕೆ ಕೊಡುವ. ಪಾಪ, ಕರೆಂಟು ಹೋದರೆ ಅವರ ಮೈಕು ನಿಲ್ಲುತ್ತದೆ."

"ಊರಿಗೆ ಸಿಗುವ ನೆಮ್ಮದಿ ಅದೊಂದೇ," ಎಂದೆ.

"ನಿನ್ನ ಸ್ವರ ಕೇಳಿಯೂ ಊರು ಉಳಿದಿದೆಯಲ್ಲ ಮಾರಾಯ!"

ಕರೆಂಟು ಹೋದರೆ ಹಗಲಿಗೆ ಸೂರ್ಯ, ರಾತ್ರಿಗೆ ಮೂಲೆಯಲ್ಲೊಂದು ಸಣ್ಣ ಆಮ್ಲಜನಕದ ಸಿಲಿಂಡರ್ ಎಂದು ನಂಬಿ, ವೀಳ್ಯದೆಲೆ, ತೆಂಗಿನಕಾಯಿ ಸಮೇತ ಇನ್ವರ್ಟರನ್ನೂ ಬ್ಯಾಟರಿಯನ್ನೂ ದೇವರಿಗೆ ಒಪ್ಪಿಸಿದೆವು.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲು. ಯಂತ್ರ ಒಮ್ಮೆ ಚೀರಿ ನಿಂತಿತು. ಸಿಲಿಂಡರಿನ ನಳಿಕೆಯನ್ನು ಅಕ್ಕನ ಮೂಗಿಗೆ ಸಿಕ್ಕಿಸಿ, ಸೋಲಾರ್ ಹಾಕಿದವನಿಗೆ ಫೋನ್ ಮಾಡಿದೆ.

"ಲೈನ್ ಇಲ್ಲದಿದ್ದರೆ ನಿಮ್ಮ ಸೋಲಾರ್ ಸಹ ಬಂದ್ ಆಗ್ತದೆ ಮಾಷ್ಟ್ರೇ. ಇಲ್ಲದಿದ್ರೆ ರಿಪೇರಿಗೆ ಕಂಬ ಹತ್ತಿದವನಿಗೆ ನಿಮ್ಮ ಮನೆಯ ಕರೆಂಟು ಹೊಡೀತದೆ. ಬ್ಯಾಟರಿ ಉಂಟಲ್ಲ ನಿಮ್ಮಲ್ಲಿ?"

ನಾನು ಸೂರ್ಯನನ್ನೂ ಸರ್ಕಾರವನ್ನೂ ಸಮಾನವಾಗಿ ಬೈಯತೊಡಗಿದೆ. ಅಕ್ಕ ಕೈ ಎತ್ತಿ ತಡೆದಳು. "ಬೈಬೇಡ. ಕಂಬ ಹತ್ತಿದವನೂ ಯಾರದೋ ತಮ್ಮನೇ ಅಲ್ವಾ?"

ಕರೆಂಟು ಬರುವ ಲಕ್ಷಣವಿರಲಿಲ್ಲ; ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ಮಂದಿರದವರಿಗೆ ಹೇಳಿದರೆ ಆ ಬ್ಯಾಟರಿಯನ್ನು ರಿಕ್ಷಾದಲ್ಲಿ ತಂದು ಜೋಡಿಸಿಯೂ ಕೊಡುತ್ತಾರೆ ಎಂದು ಮತ್ತೆ ಫೋನ್ ಎತ್ತಿದೆ.

"ಬೇಡ," ಎಂದಳು ಅಕ್ಕ.

"ಸಾಲ ಕೇಳುವುದಷ್ಟೇ ಅಕ್ಕಾ. ನಾಳೆಯೇ ಹಿಂದೆ ಕೊಡುವ."

"ದೇವರ ಹತ್ತಿರ ಕೊಟ್ಟದ್ದನ್ನು ವಾಪಸ್ ಕೇಳಿ ಉಸಿರಾಡಲಿಕ್ಕೆ ನನ್ನಿಂದಾಗುವುದಿಲ್ಲ." ಸ್ವಲ್ಪ ದಮ್ಮು ತೆಗೆದುಕೊಂಡಳು. "ಆಂಬುಲೆನ್ಸಿಗೆ ಫೋನ್ ಮಾಡು."

ಐವತ್ತು ವರ್ಷ ಅವಳ ಮಾತು ಮೀರದವನು ಆ ದಿನವೂ ಮೀರಲಿಲ್ಲ. ಹೊರಡುವಾಗ ಅಡುಗೆಮನೆಯ ಬಾಗಿಲು ಹಾಕಿದ್ದೀಯಾ ಎಂದು ಕೇಳಿದಳು; ಬೆಕ್ಕಿನ ಭಯ. ಹಾಕಿದ್ದೇನೆ ಎಂದೆ.

ಮಳೆ ಹಿಡಿಯುವ ಮೊದಲೇ ಅಕ್ಕ ಕಾಸರಗೋಡಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.