ಹನ್ನೆರಡನೇ ತಟ್ಟೆಯ ಮಾತು

ಒದ್ದೆ ಗೋಣಿಯಲ್ಲಿ ಕಟ್ಟಿಟ್ಟ ಹಿಪ್ಪುನೇರಳೆ ಸೊಪ್ಪಿಗೆ ಒಂದು ವಾಸನೆಯಿದೆ. ಹುಲ್ಲಿನದಲ್ಲ, ತರಕಾರಿಯದೂ ಅಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಒಗರು. ಹೋದ ವಾರ ಕೊಳ್ಳೇಗಾಲದ ಬಸ್ ನಿಲ್ದಾಣದ ಹೊರಗೆ ಹನೂರು ಬಸ್ಸಿಗೆ ಕಾಯುತ್ತಿದ್ದಾಗ, ಸೊಪ್ಪಿನ ಮೂಟೆ ಹೇರಿದ್ದ ಗೂಡ್ಸ್ ಆಟೋ ಒಂದು ನನ್ನ ಪಕ್ಕಕ್ಕೇ ಬಂದು ನಿಂತಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆರಳು ಮಡಿಸಿ ಎಣಿಸತೊಡಗಿದೆ. ಒಂದು, ಎರಡು, ಮೂರು… ಹನ್ನೊಂದರವರೆಗೆ ಸಲೀಸಾಗಿ ಹೋದೆ. ಹನ್ನೆರಡಕ್ಕೆ ಬೆರಳು ನಿಂತಿತು. ಇಪ್ಪತ್ತೆರಡು ವರ್ಷಗಳ ಹಿಂದೆಯೂ ಅದು ಅಲ್ಲಿಗೇ ನಿಲ್ಲುತ್ತಿತ್ತು.

ಹೋದ ವಾರದ ಆ ದಿನ ನಾನು ಶಿಕ್ಷಕರ ತರಬೇತಿ ಮುಗಿಸಿ ಬಂದಿದ್ದೆ. ಮಧ್ಯಾಹ್ನದ ಊಟ ಆದಮೇಲಿನ ತರಗತಿಯಲ್ಲಿ ಒಬ್ಬ ಮೇಡಂ ಕೃತಜ್ಞತೆಯ ಬಗ್ಗೆ ಮಾತಾಡಿದ್ದರು. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆದಿಡಿ, ಯಾರಿಂದ ಆಯಿತೋ ಅವರನ್ನು ನೆನೆಯಿರಿ, ಆತಂಕ ತಗ್ಗುತ್ತದೆ, ನಿದ್ದೆ ಬರುತ್ತದೆ, ರಕ್ತದೊತ್ತಡಕ್ಕೂ ಹೃದಯಕ್ಕೂ ಒಳ್ಳೆಯದು ಎಂದರು. ನನ್ನ ಅಕ್ಕಪಕ್ಕದವರು ಆಕಳಿಸುತ್ತಿದ್ದರು. ನಾನು ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಮೂರು ಸಾಲದು ಮೇಡಂ, ಹನ್ನೆರಡು ಬೇಕು ಎಂದು ಎದ್ದು ನಿಂತು ಹೇಳುವಷ್ಟು ಹುಮ್ಮಸ್ಸು ಬಂದುಬಿಟ್ಟಿತ್ತು. ಹೇಳಲಿಲ್ಲ. ಹೇಳಿದ್ದರೆ ಹನ್ನೆರಡು ಯಾಕೆ ಎಂದು ಕೇಳುತ್ತಿದ್ದರು, ಆಮೇಲೆ ಮುಳ್ಳೂರಿನ ಅಜ್ಜಿಯ ಕಥೆಯನ್ನೆಲ್ಲ ಬಿಚ್ಚಬೇಕಾಗುತ್ತಿತ್ತು.

ಮುಳ್ಳೂರಿನ ಶಾಲೆಗೆ ನಾನು ಹೋದಾಗ ನನಗೆ ಇಪ್ಪತ್ತೇಳು ವರ್ಷ. ಮನೆಯವರಿಗೆ ಹನೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಆ ಊರಿನ ಒಬ್ಬ ಅಜ್ಜಿಯ ಹೆಂಚಿನ ಮನೆಯ ಅರ್ಧ ಭಾಗ ನನಗೆ ಬಾಡಿಗೆ. ಇನ್ನರ್ಧದಲ್ಲಿ ಅಜ್ಜಿ, ಮದುವೆಯಾಗದ ಮಗ, ಮತ್ತು ಹನ್ನೆರಡು ಬಿದಿರು ತಟ್ಟೆಗಳ ತುಂಬ ರೇಷ್ಮೆ ಹುಳು. ನಡುವಿನ ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು, ಈ ಕಡೆಯ ಒಗ್ಗರಣೆ ಆ ಕಡೆ ಘಾಟು ಹೊಡೆಯುತ್ತಿತ್ತು. ಅದಕ್ಕೇ ಅಜ್ಜಿ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದಳು.

"ನೋಡು ಟೀಚ್ರಮ್ಮ, ಉಳ ಮನೇಲಿರೋಗಂಟ ಮೆಣ್ಸಿನ್ಕಾಯಿ ಉರೀಬ್ಯಾಡ, ಊದ್ಬತ್ತಿ ಅಚ್ಬ್ಯಾಡ, ಸೊಳ್ಳೆಬತ್ತಿ ಅಂತೂ ಮನೆವಳೀಕೇ ತರ್ಬ್ಯಾಡ. ನಾನೇ ಒಗೆಸೊಪ್ಪು ಬುಟ್ಟಿವ್ನಿ."

ನಿಜವಾಗಿಯೂ ಬಿಡುತ್ತಿದ್ದಳು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಎಲೆಅಡಿಕೆಯ ಚೀಲ ಮೊಳೆಗೆ ನೇತಾಡುತ್ತಿತ್ತು. ಕಡ್ಡಿಯಂಥ ಹೆಂಗಸು, ಧ್ವನಿ ಮಾತ್ರ ಊರಾಚೆಗೂ ಕೇಳುವಂಥದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆಯೆತ್ತಿ ಸುಮ್ಮನಾದಾಗ, ಆ ಧ್ವನಿಯೂ ಪಿಸುಮಾತಾಗುತ್ತಿತ್ತು.

ನನ್ನ ಸ್ವಭಾವ ಆಗ ಹೇಳಿಕೊಳ್ಳುವಂಥದ್ದಲ್ಲ. ಮುಟ್ಟಿದರೆ ಸಿಡಿಯುತ್ತಿದ್ದೆ. ಬಸ್ಸು ತಡವಾದರೆ ಕಂಡಕ್ಟರನ ಮೇಲೆ, ಹಾಲು ತೆಳ್ಳಗಿದ್ದರೆ ಹಾಲಿನವಳ ಮೇಲೆ, ಏನೂ ಇಲ್ಲದಿದ್ದರೆ ಹನೂರಿನಲ್ಲಿದ್ದ ಗಂಡನ ಮೇಲೆ. ಮೊದಲ ಬಸಿರು ಮೂರು ತಿಂಗಳಿಗೇ ಕೈಬಿಟ್ಟಿತ್ತು. ಎರಡನೆಯದು ಐದು ತುಂಬುವ ಹೊತ್ತಿಗೆ ರಕ್ತದೊತ್ತಡ ಏರಿ ಕೂತಿತು. ಕೊಳ್ಳೇಗಾಲದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ನಿದ್ದೆ ಮಾಡಿ, ಒತ್ತಡ ಇಳಿಯದಿದ್ದರೆ ಮಗುವಿಗೆ ಕಷ್ಟ ಎಂದರು. ನಿದ್ದೆ ಮಾಡು ಎಂದು ಯಾರಾದರೂ ಹೇಳಿದಮೇಲೆ ನಿದ್ದೆ ಬರುತ್ತದೆಯೇ? ಕಣ್ಣು ಮುಚ್ಚಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದರ ಜೊತೆಗೆ ಸೊಳ್ಳೆ.

ಒಂದು ಸಂಜೆ ಶಾಲೆಯಿಂದ ಬಂದವಳೇ ಕೊಳ್ಳೇಗಾಲದಿಂದ ಕದ್ದುಮುಚ್ಚಿ ತಂದಿಟ್ಟಿದ್ದ ಸೊಳ್ಳೆಬತ್ತಿ ಹಚ್ಚಿ ಮಂಚದ ಕೆಳಗಿಟ್ಟು ಮಲಗಿದೆ. ಕಾಲು ಗಂಟೆ ಅಷ್ಟೇ, ಏನಾಗುತ್ತದೆ ಎಂದುಕೊಂಡಿದ್ದೆ. ಎಷ್ಟೋ ದಿನದ ಮೇಲೆ ಜೊಂಪು ಹತ್ತಿತು. ಎಚ್ಚರವಾದದ್ದು ಗೋಡೆಯ ಆಚೆಯಿಂದ ಬಂದ ಅಜ್ಜಿಯ ಕೂಗಿಗೆ. ನಾನು ಬತ್ತಿಯನ್ನು ಒಲೆಗೆ ತುರುಕಿ, ಸೆರಗಲ್ಲಿ ಗಾಳಿ ಬೀಸಿ, ಆಮೇಲೆ ಏನೂ ಅರಿಯದವಳ ಹಾಗೆ ಹೋಗಿ ನೋಡಿದೆ. ನಾಲ್ಕನೇ ಜ್ವರ ಎದ್ದು, ಇನ್ನೇನು ಗೂಡು ಕಟ್ಟಲಿದ್ದ ಬೆರಳುದ್ದದ ಹುಳುಗಳು ತಲೆ ಒದರುತ್ತ ಹಸಿರು ನೀರು ಕಕ್ಕುತ್ತಿದ್ದವು. ಬೆಳಗಾಗುವಷ್ಟರಲ್ಲಿ ಎಂಟು ತಟ್ಟೆ ಹೋಗಿದ್ದವು. ಹಿಂದಿನ ಕಿಟಕಿಯ ಹತ್ತಿರವಿದ್ದ ನಾಲ್ಕು ಮಾತ್ರ ಉಳಿದಿದ್ದವು.

ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬಂದು ಅಜ್ಜಿ ಹೊಸ್ತಿಲ ಮೇಲೆ ಕೂತು ಅತ್ತಳು. "ಏನು ರೋಗ ಬಂತೋ" ಎಂದು ಮಗ ಅಂದ. ನಾನು ಬಾಯಿ ಬಿಡಲಿಲ್ಲ. ಎರಡು ದಿನ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡೆ. ನನ್ನ ಕೈಕಾಲು ಊದಿಕೊಂಡವು. ಈ ಮನೆ ಬಿಟ್ಟು ಯಳಂದೂರಿನ ತವರಿಗೆ ಹೊರಟುಬಿಡೋಣ ಎಂದು ಬಟ್ಟೆಯನ್ನೂ ಜೋಡಿಸಿದ್ದೆ. ಮೂರನೇ ದಿನ ಸಂಜೆ ಅಜ್ಜಿ ಬಾಗಿಲಿಗೆ ಬಂದು ನಿಂತಳು.

"ಬಾ ಟೀಚ್ರಮ್ಮ, ಉಳ್ದಿರವ್ಕೆ ಸೊಪ್ಪಾಕನ."

ಕಾಲು ತೊಳೆದು ಒಳಗೆ ಹೋದೆ. ಸೊಪ್ಪಿನ ಬುಟ್ಟಿ ನನ್ನ ಕೈಗೆ ಕೊಟ್ಟು ಅಜ್ಜಿ ತಟ್ಟೆಯ ಮುಂದೆ ನಿಂತಳು. "ಒಂದ್ ತಟ್ಟೆಗೆ ಒಂದ್ ಮಾತು. ಇವತ್ತು ನಿಂಗೆ ಏನ್ ವಳ್ಳೇದಾಯ್ತು, ಯೋಳಿ ಆಮೇಕೆ ಸೊಪ್ಪಾಕು."

"ಏನೂ ಆಗಿಲ್ಲ ಅಜ್ಜಿ."

"ಬೆಳಗೆದ್ದು ಕುಡ್ಯೋ ನೀರು ಯಾರ್ ತಂದ್ಕೊಟ್ರು?"

"ಎದುರು ಮನೆ ಹುಡುಗಿ."

"ಅದೇ ಒಂದು. ಆಕು."

ಅವತ್ತು ನಾಲ್ಕು ತಟ್ಟೆಗೆ ನಾಲ್ಕು ಮಾತು ಹೊಂದಿಸುವಷ್ಟರಲ್ಲಿ ನನಗೆ ಬೆವರು ಬಂದಿತ್ತು. ಕಡೆಯದಕ್ಕೆ, ದೇವರ ದಯೆಯಿಂದ ಎಲ್ಲ ಚೆನ್ನಾಗಿದೆ ಎಂದು ತೇಲಿಸಿ ಹೇಳಲು ನೋಡಿದೆ. ಅಜ್ಜಿ ಬಿಡಲಿಲ್ಲ. "ಮಾದಪ್ಪನ ದಯ ದಿನಾ ಇದ್ದದ್ದೇಯ. ಇವತ್ತಿಂದು ಯೋಳು" ಎಂದಳು. ಅದು ಅವಳ ಮೊದಲ ನಿಯಮ. ಎರಡನೆಯದು ಇನ್ನೂ ಕಷ್ಟದ್ದು. ಆ ಒಳ್ಳೆಯದು ಯಾರಿಂದ ಆಯಿತೋ ಮಾರನೇ ದಿನ ಅವರ ಮುಂದೆ ನಿಂತು ಹೇಳಿ ಬರಬೇಕು.

ನಮ್ಮ ಕಡೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ರೂಢಿಯೇ ಇಲ್ಲ. ಹಿರಿಯರಾದರೆ ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುತ್ತಾರೆ, ಉಳಿದವರು ನಕ್ಕು ಸುಮ್ಮನಾಗುತ್ತಾರೆ. ಹೀಗಿರುವಾಗ ನಾನು ಹೋಗಿ ಬಸ್ ಕಂಡಕ್ಟರಿಗೆ, ನಿನ್ನೆ ನಾನು ಓಡಿ ಬರುವುದನ್ನು ನೋಡಿ ಬಸ್ಸು ನಿಲ್ಲಿಸಿದಿರಿ, ದೊಡ್ಡ ಉಪಕಾರವಾಯಿತು ಎಂದೆ. ಅವನ ಮುಖ ಬಿಳುಪೇರಿತು. "ಯಾಕ್ ಮೇಡಂ, ಡಿಪೋಗೆ ಏನಾರ ಬರದ್ರಾ?" ಎಂದ. ಹಿಂದಿನ ತಿಂಗಳು ಬರೆದುಹಾಕುತ್ತೇನೆ ಎಂದು ನಾನೇ ಹೆದರಿಸಿದ್ದೆನಲ್ಲ. ನಾನು ನಕ್ಕೆ, ಅವನೂ ನಕ್ಕ. ಆಮೇಲೆ ನಾನು ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟಾಗಲೆಲ್ಲ ಮುಂದಿನ ಸೀಟು ಖಾಲಿ ಮಾಡಿಸಿಕೊಡತೊಡಗಿದ. ಸಂಜೆಗೆ ಹೇಳಲು ಇನ್ನೊಂದು ಮಾತು ಸಿಕ್ಕಿತು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಕುಣಿಯಬೇಕೆನಿಸುತ್ತದೆ. ಉಳಿದ ನಾಲ್ಕು ತಟ್ಟೆಯ ಹುಳು ಹಣ್ಣಾಗಿ, ಬಿದಿರಿನಲ್ಲಿ ಹೆಣೆದ ಚಂದ್ರಿಕೆಯ ಚಾಪೆ ಏರಿ ಗೂಡು ಕಟ್ಟಿದವು. ಮುಂದಿನ ಬೆಳೆಗೆ ಮತ್ತೆ ತಟ್ಟೆಗಳು ಹನ್ನೆರಡಾದವು. ಹನ್ನೆರಡು ಮಾತು ಬೇಕೆಂದರೆ ಬೆಳಗಿನಿಂದಲೇ ಹುಡುಕಿಕೊಂಡಿರಬೇಕು. ಹಾಗೆ ಹುಡುಕಲು ಶುರು ಮಾಡಿದವಳಿಗೆ ಜಗಳಕ್ಕೆ ಪುರುಸೊತ್ತೇ ಸಿಗಲಿಲ್ಲ. ಲೆಕ್ಕ ತಪ್ಪು ಮಾಡಿದ ಹುಡುಗಿ ತಾನೇ ಅಳಿಸಿ ಸರಿ ಬರೆದದ್ದು, ಹಾಲಿನವಳು ನನಗೆಂದು ಗಟ್ಟಿ ಮೊಸರು ಎತ್ತಿಟ್ಟದ್ದು, ಹೊಟ್ಟೆಯಲ್ಲಿ ಮಗು ಒದ್ದದ್ದು, ಇವೆಲ್ಲ ಸಂಜೆಯ ಸೊಪ್ಪಿನ ಬುಟ್ಟಿಗೆ ಸೇರಿದವು. ಹುಳು ಸೊಪ್ಪು ಮೇಯುವ ಚರಚರ ಸದ್ದು ಗೋಡೆಯ ಮೇಲಿಂದ ಬರುತ್ತಿದ್ದ ಹಾಗೇ ನಿದ್ದೆ ಹತ್ತುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಒಮ್ಮೆ ನೋಡಿದರು. ನಂಬದೆ ಇನ್ನೊಂದು ತೋಳಿಗೆ ಸುತ್ತಿ ನೋಡಿದರು. "ಇಳಿದಿದೆ ಕಣಮ್ಮ" ಎಂದರು. ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಮಾತ್ರೆ ತಪ್ಪಿಸಿರಲಿಲ್ಲ, ಉಪ್ಪಿನಕಾಯಿಯ ಜಾಡಿಯನ್ನು ಬೇರೆಯವರಿಗೆ ಕೊಟ್ಟಿದ್ದೆ, ಅದೂ ನಿಜ. ಆದರೆ ಮಾತ್ರೆಯನ್ನು ಅದಕ್ಕೂ ಮೊದಲು ವಾರಗಟ್ಟಲೆ ನುಂಗಿದ್ದೆನಲ್ಲ. ಅಜ್ಜಿಗೆ ಹೇಳಿದರೆ ಅವಳು ಹಿಗ್ಗಲೂ ಇಲ್ಲ. "ನಾನೂವೆ ಒಂದ್ ಕಾಲ್ದಲ್ಲಿ ಉರ್ಕಂಡು ಉರ್ಕಂಡು ಒಟ್ಟೆವಳೀಕೆ ಉಣ್ಣು ಮಾಡ್ಕಂಡಿದ್ದೆ ಕಣವ್ವ. ಔಸ್ದಿ ಅರ್ಧ ವಾಸಿ ಮಾಡ್ತು, ಉಳದ್ದರ್ಧನ ಈ ಉಳಗೋಳ್ ಮಾಡುದ್ವು" ಎಂದು ಸೊಪ್ಪು ಹರಡುವುದರಲ್ಲಿ ಮುಳುಗಿದಳು.

ಆದರೆ ಹನ್ನೆರಡನೇ ತಟ್ಟೆ… ಅಲ್ಲಿ ನಾನು ಪ್ರತಿದಿನ ತಡವರಿಸುತ್ತಿದ್ದೆ. ಮಾತು ಇರಲಿಲ್ಲವೆಂದಲ್ಲ. ಅದು ಅಜ್ಜಿಗೇ ಹೇಳಬೇಕಾದ ಮಾತು, ಸೊಳ್ಳೆಬತ್ತಿಯ ಮಾತು ಅದಕ್ಕೆ ಅಂಟಿಕೊಂಡೇ ಬರಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಬಾಯಿ ಕಹಿಯಾಗುತ್ತಿತ್ತು. ಅಜ್ಜಿ ಒತ್ತಾಯ ಮಾಡುತ್ತಿರಲಿಲ್ಲ. "ಇರ್ಲಿ ಬುಡು, ನಾಳೀಕ್ ಯೋಳೀವಂತೆ" ಎಂದು ತಾನೇ ಸೊಪ್ಪು ಹಾಕುತ್ತಿದ್ದಳು.

ಆ ನಾಳೆ ಬರಲಿಲ್ಲ. ಹೆರಿಗೆಗೆ ಯಳಂದೂರಿಗೆ ಹೋದೆ, ಗುಂಡುಗುಂಡಾದ ಮಗಳು ಹುಟ್ಟಿದಳು. ಬಾಣಂತನ ಮುಗಿಯುವಷ್ಟರಲ್ಲಿ ಲೊಕ್ಕನಹಳ್ಳಿಯ ಕಡೆಗೆ ವರ್ಗವಾಯಿತು. ಮುಳ್ಳೂರಿನ ಸಾಮಾನು ತರಲು ಗಂಡನನ್ನೇ ಕಳಿಸಿದೆ. ಕಂಡಕ್ಟರಿಗೆ ಹೇಳಿದ್ದೆ, ಹಾಲಿನವಳಿಗೆ ಹೇಳಿದ್ದೆ, ನರ್ಸಮ್ಮನಿಗೆ ಹೇಳಿದ್ದೆ. ಕಲಿಸಿದವಳೊಬ್ಬಳಿಗೆ ಹೇಳಲಿಲ್ಲ.

ಹೋದ ವಾರ ಆ ಆಟೋ ಹೊರಟುಹೋದ ಮೇಲೆ ನಾನು ಹನೂರು ಬಸ್ಸನ್ನು ಬಿಟ್ಟು ಮುಳ್ಳೂರು ಬಸ್ಸು ಹತ್ತಿದೆ. ಐವತ್ತು ಸಮೀಪಿಸಿದವಳು ಕಿಟಕಿ ಪಕ್ಕ ಕೂತು ಬಾಯಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೊದಲು ಬತ್ತಿಯ ವಿಷಯ, ಆಮೇಲೆ ಮಗಳ ವಿಷಯ. ಅಜ್ಜಿಗೆ ಎಷ್ಟು ವಯಸ್ಸಾಗಿರಬಹುದು ಎಂದು ಲೆಕ್ಕ ಹಾಕಲು ಮನಸ್ಸು ಒಪ್ಪಲಿಲ್ಲ.

ಹೆಂಚಿನ ಮನೆಯ ಹಿಂದೆ ಶೀಟಿನ ದೊಡ್ಡ ಹುಳುಮನೆ ಎದ್ದಿತ್ತು. ಬಾಗಿಲಲ್ಲಿ, ನಾನು ಊರು ಬಿಟ್ಟಮೇಲೆ ಬಂದ ಅಜ್ಜಿಯ ಸೊಸೆ ಸೊಪ್ಪಿನ ಕಡ್ಡಿ ಹೊತ್ತು ನಿಂತಿದ್ದಳು. ನಾನು ಹಿಂದೆ ಇಲ್ಲಿ ಬಾಡಿಗೆಗೆ ಇದ್ದವಳು, ಶಾಲೆಯಲ್ಲಿದ್ದೆ ಎನ್ನುತ್ತಿದ್ದಂತೆ ಅವಳ ಮುಖ ಅರಳಿತು.

"ಓ… ಸೊಳ್ಳೆಬತ್ತಿ ಟೀಚ್ರಮ್ಮನಾ?"

ನಾನು ಅಲ್ಲೇ ಜಗಲಿ ಹಿಡಿದು ಕೂತೆ. ನೀರು ತಂದುಕೊಟ್ಟು ಅವಳೇ ಹೇಳಿದಳು. "ನಮ್ಮತ್ತೆ ಓಗಿ ಎರಡ್ ವರ್ಸ ಆಯ್ತು. ಕೊನೇಗಂಟ ಉಳಕ್ಕೆ ಸೊಪ್ಪಾಕ್ವಾಗ ನಿಮ್ ಮಾತ್ ಆಡೋರು ಕಣಮ್ಮ."

"ಅವರಿಗೆ ಗೊತ್ತಿತ್ತಾ?"

"ವಾಸ್ನೆ ಗೊತ್ತಾಗಕ್ಕಿಲ್ವಾ? ಅವತ್ತೇ ಗೊತ್ತಾಯ್ತಂತೆ. 'ಎರಡ್ ದಿನ ನನ್ ನಾಲ್ಗೆ ಮೇಲೆ ಶಾಪ ಕುಂತಿತ್ತು. ಅವ್ಳ ಒಟ್ಟೆ ನೋಡಿ ನುಂಗ್ಕಂಡೆ. ಮೂರ್ನೇ ದಿನ ಕರದ್ರೆ ಬಂದ್ಲು, ಉಳಕ್ಕೆ ಸೊಪ್ಪಾಕುದ್ಲು. ಬರ್ದೆ ಓಗಿದ್ರೆ ನನ್ ಬಾಯಿಂದ ಏನ್ ಬತ್ತಿತ್ತೋ, ಬಂದು ಆ ಪಾಪದಿಂದ ನನ್ನುಳಿಸುದ್ಲು' ಅನ್ನೋರು. ಕೊನೇ ತಟ್ಟೆಗೆ ಯಾವಾಗ್ಲೂ ಅದೇ ಮಾತು."

ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಅವತ್ತು ಆ ಶಾಪ ನುಂಗಿಕೊಂಡದ್ದಕ್ಕೇ ನನ್ನ ಮಗಳು ಇವತ್ತು ಮನೆಯಲ್ಲಿದ್ದಾಳೆ ಎಂದು ಅನಿಸಿತು.

ಈಗ ಬಿದಿರು ತಟ್ಟೆ ಇಲ್ಲ. ಉದ್ದುದ್ದ ಸ್ಟ್ಯಾಂಡಿನ ಮೇಲೆ ಕಡ್ಡಿ ಸಮೇತ ಸೊಪ್ಪು ಹಾಸುತ್ತಾರೆ. ಸೊಸೆ ನನಗೂ ನಾಲ್ಕು ಕಡ್ಡಿ ಕೊಟ್ಟಳು. ಕಾಲು ತೊಳೆದು ಒಳಗೆ ಹೋಗಿ, ಅಲ್ಲೂ ಹಿಂಬದಿಗಿದ್ದ ಕಿಟಕಿಯ ಹತ್ತಿರದ ಮೂಲೆಯಲ್ಲಿ ನಿಂತೆ. "ಬತ್ತಿ ಹಚ್ಚಿದವಳು ನಾನು ಅಜ್ಜಿ. ಮಗಳು ಚೆನ್ನಾಗಿದ್ದಾಳೆ. ನಿನ್ನ ಹೊಟ್ಟೆ ತಣ್ಣಗಿರಲಿ" ಎಂದೆ. ಹಿರಿಯರಿಗೆ ಕಿರಿಯರು ಹಾಗೆ ಹೇಳುವ ವಾಡಿಕೆಯಿಲ್ಲ, ಆದರೂ ಹೇಳಿದೆ. ಕೇಳಬೇಕಾದವಳು ಅಲ್ಲಿರಲಿಲ್ಲ. ಆಮೇಲೆ ಸೊಪ್ಪು ಹಾಕಿದೆ.