ಮೂರನೇ ಸಾಲಿನ ಬಾಲಗಳು

ನಾನು ವಸ್ತ್ರ ಸಂರಕ್ಷಕಿಯ ಕೆಲಸದಿಂದ ನಿವೃತ್ತಳಾಗುವುದಕ್ಕೆ ಎರಡು ವರ್ಷ ಮೊದಲು ನಡೆದ ಸಂಗತಿ ಇದು. ಆಗ ಸಿಡ್ನಿಯ ಒಂದು ಪ್ರದರ್ಶನ ಸಂಸ್ಥೆಯಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದೆ. ಹಳೆಯ ಉಡುಪುಗಳನ್ನು ಪರೀಕ್ಷಿಸಿ ಎಲ್ಲಿ ಹರಿದಿದೆ, ಎಲ್ಲಿ ಹುಳು ತಿಂದಿದೆ, ಯಾರು ತೇಪೆ ಹಾಕಿದ್ದಾರೆ ಎಂದು ಬರೆದಿಡುವುದು, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಧಾರವಾಡದಲ್ಲಿರುವ ನನ್ನ ಅಕ್ಕ ಇದನ್ನು ಕೇಳಿ, "ಅಂದ್ರ ಹಳೇ ಅರಿವಿ ಕಾಯಾಕ ಪಗಾರ ಕೊಡ್ತಾರೇನ?" ಎಂದು ನಕ್ಕಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆ ವರ್ಷದ ಪ್ರದರ್ಶನದ ವಿಷಯ ಯುರೋಪಿನ ಅರಮನೆಗಳ ಉಡುಪು. ಅದರ ನಡುಮಧ್ಯೆ ಅರ್ಮಿನ್. ರಾಜರ ಚಿತ್ರಪಟಗಳಲ್ಲಿ ಕೆಂಪು ಮಖಮಲ್ಲಿನ ನಿಲುವಂಗಿಯ ಅಂಚಿಗೆ, ಹೆಗಲ ಮೇಲೆ, ಕಪ್ಪು ಚುಕ್ಕೆಗಳಿರುವ ಬಿಳಿ ತುಪ್ಪಳ ಕಾಣುತ್ತದಲ್ಲ, ಅದೇ. ಅದು ಸ್ಟೋಟ್ ಎಂಬ, ಮುಂಗುಸಿಗಿಂತ ಚಿಕ್ಕದಾದ ಪ್ರಾಣಿಯ ಚರ್ಮ. ಬೇಸಿಗೆಯಲ್ಲಿ ಕಂದು ಬಣ್ಣದ ಈ ಪ್ರಾಣಿ ಹಿಮ ಬೀಳುವ ಕಡೆ ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ, ಬಾಲದ ತುದಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಅಸಲಿ ಅರ್ಮಿನ್ ಆದರೆ ಒಂದೊಂದು ಚುಕ್ಕೆಯೂ ಒಂದೊಂದು ಪ್ರಾಣಿಯ ಬಾಲ. ಮೈಗೆ ಕೆಸರು ತಾಗುವುದಕ್ಕಿಂತ ಸಾಯುವುದೇ ಮೇಲೆಂದು ಇದು ತಿಳಿಯುತ್ತದೆ ಎಂದು ಯಾರೋ ಕಥೆ ಕಟ್ಟಿದರು. ರಾಜರಾಣಿಯರು ಅದನ್ನು ನಂಬಿ, ತಮ್ಮ ಪರಿಶುದ್ಧತೆಗೆ ಗುರುತೆಂದು ಮೈಮೇಲೆ ಹೊದ್ದುಕೊಂಡರು. ನಿಜದಲ್ಲಿ ಅದು ಬಿಲಕ್ಕೆ ನುಗ್ಗಿ ಮೊಲದ ಕತ್ತು ಕಚ್ಚುವ ಜಂತು. ನಮ್ಮ ಪಕ್ಕದ ನ್ಯೂಜಿಲೆಂಡಿನಲ್ಲಿ, ಅಲ್ಲಿನ ಹಕ್ಕಿಗಳನ್ನು ತಿಂದು ಮುಗಿಸುತ್ತಿದೆ ಎಂದು ಅದನ್ನು ಬೋನಿಟ್ಟು ಕೊಲ್ಲುತ್ತಾರೆ.

ಬ್ರಿಟಿಷರು ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಪಟ್ಟಾಭಿಷೇಕಕ್ಕೆ ಬರುವ ಬಿರುದುಳ್ಳ ಶ್ರೀಮಂತರ ಹೆಗಲ ತುಪ್ಪಳದ ಮೇಲೆ ಎಷ್ಟು ಸಾಲು ಬಾಲ ಇರಬೇಕೆಂದು ಕಟ್ಟಳೆ ಮಾಡಿದರು. ಡ್ಯೂಕ್‌ಗೆ ನಾಲ್ಕು ಸಾಲು, ಮಾರ್ಕ್ವೆಸ್‌ಗೆ ಮೂರೂವರೆ, ಅರ್ಲ್‌ಗೆ ಮೂರು, ವೈಕೌಂಟ್‌ಗೆ ಎರಡೂವರೆ, ಕಟ್ಟಕಡೆಯ ಬ್ಯಾರನ್‌ಗೆ ಎರಡು. ಅರ್ಧ ಸಾಲು! ಮನುಷ್ಯರ ನಡುವೆ ಅರ್ಧ ಸಾಲು ಬಾಲದ ಅಂತರವಿಟ್ಟು ಮೀಸೆ ತಿರುವಿದ ಜನ. ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ರಗಳೆ ನೋಡಿಕೊಂಡೇ ಬೆಳೆದ ನನಗೆ ಈ ರೋಗ ಹೊಸದೇನಲ್ಲ. ಅದು ನನಗೆ ಅಂಟಿಲ್ಲ ಎಂದು ಮಾತ್ರ ಬಲವಾಗಿ ನಂಬಿಕೊಂಡಿದ್ದೆ.

ಮೆಲ್ಬರ್ನಿನ ಒಬ್ಬ ಸಂಗ್ರಾಹಕರು ತಮ್ಮ ಮನೆತನದ ಅರ್ಲ್ ಒಬ್ಬರ ನಿಲುವಂಗಿಯನ್ನು ಪ್ರದರ್ಶನಕ್ಕೆ ಎರವಲು ಕೊಡುವುದಾಗಿ ಒಪ್ಪಿದ್ದರು. ಅವರನ್ನು ಸಾಹೇಬರು ಎಂದೇ ಕರೆಯುತ್ತೇನೆ, ಅವರಿಗೂ ಅದೇ ಇಷ್ಟವಾಗುತ್ತಿತ್ತು. ವಸ್ತು ಮನೆ ಬಿಡುವ ಮೊದಲು ಕಂಡಿಷನ್ ರಿಪೋರ್ಟ್ ಬರೆಯುವುದು ನಮ್ಮ ವೃತ್ತಿಯ ನಿಯಮ. ವಸ್ತುವನ್ನು ತಿರುವಿ ಹಿಂಬದಿ ನೋಡಬೇಕು, ಕತ್ತಲಲ್ಲಿ ಅತಿನೇರಳೆ ಬೆಳಕಿನ ಯುವಿ ದೀಪ ಹಿಡಿದು ನೋಡಬೇಕು, ಆಮೇಲೆ ಪರೀಕ್ಷಿಸಿದವರೂ ಮಾಲೀಕರೂ ಸಹಿ ಹಾಕಬೇಕು. ವಸ್ತು ಮನೆಗೆ ಮರಳಿದಾಗಲೂ ಇದೇ ಕ್ರಮ.

ನಾನು ಮೆಲ್ಬರ್ನಿಗೆ ಹೋದೆ. ಸಾಹೇಬರು ಬೆಳ್ಳಿಯ ತಟ್ಟೆಯಲ್ಲಿ ಚಹಾ ತರಿಸಿದರು. "ಭಾರತದವರಿಗೆ ರಾಜಮನೆತನ ಎಂದರೇನೆಂದು ಗೊತ್ತು. ಇಲ್ಲಿಯವರಿಗೆ ಅದನ್ನು ವಿವರಿಸಿ ಸಾಕಾಗಿದೆ," ಎಂದರು. ಅಪ್ಪಟ ಬೆಣ್ಣೆ. ನಾನು ಪೂರಿಯಂತೆ ಉಬ್ಬಿಹೋದೆ. ತುಪ್ಪಳವನ್ನು ತಿರುವಲು ಕೈ ಹಾಕಿದಾಗ, "ದಯವಿಟ್ಟು ಬೇಡ, ಮಖಮಲ್ಲು ಬಹಳ ಸೂಕ್ಷ್ಮ. ಅದರ ಚರಿತ್ರೆಯೆಲ್ಲ ನನಗೆ ಬಾಯಿಪಾಠ," ಎಂದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ದೀಪ ಚೀಲದಲ್ಲೇ ಉಳಿಯಿತು. 'ಬಾಲಗಳು ಮೂರು ಸಾಲು, ಎಲ್ಲವೂ ಮೂಲದವು, ಹೊಲಿಗೆ ಗಟ್ಟಿಯಾಗಿದೆ' ಎಂದು ಬರೆದು ಸಹಿ ಹಾಕಿದೆ. ಮೂವತ್ತು ವರ್ಷ ಕೆಲಸ ಮಾಡಿದವಳು ಒಂದು ಲೋಟ ಚಹಾಕ್ಕೆ ಕಣ್ಣು ಮುಚ್ಚಿಕೊಂಡೆ.

ಸಿಡ್ನಿಯಲ್ಲಿ ನಮ್ಮ ಕಾರ್ಯಾಗಾರ ಮ್ಯಾಕ್ವೆರಿ ಪಾರ್ಕಿನಲ್ಲಿತ್ತು. ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಕಸ್ತೂರಿ. ಬೈಲಹೊಂಗಲದ ಕಡೆಯವರು, ನಲವತ್ತೈದು ದಾಟಿದವರು, ಬ್ಲ್ಯಾಕ್‌ಟೌನಿನಲ್ಲಿ ಮನೆ. ಬ್ಲೌಸ್ ಹೊಲಿಯುವುದರಲ್ಲಿ, ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಅವರ ಹೆಸರು ಹ್ಯಾರಿಸ್ ಪಾರ್ಕಿನ ಭಾರತೀಯ ಅಂಗಡಿಗಳ ತನಕ ಹಬ್ಬಿತ್ತು. ನಮ್ಮಲ್ಲಿ ಉಡುಪು ತೊಡಿಸುವ ಬೊಂಬೆಗಳಿಗೆ ಮೈ ತುಂಬಿ ಹೊಲಿಯುವುದು ಅವರ ಕೆಲಸ. ಮೂರು ವರ್ಷದಿಂದ ಕ್ಯಾಶುಯಲ್, ಅಂದರೆ ಕರೆದಾಗ ಬಂದು ಗಂಟೆ ಲೆಕ್ಕದಲ್ಲಿ ದುಡಿಯುವವರಾಗಿದ್ದರು. ಈ ಪ್ರದರ್ಶನ ಮುಗಿದ ಮೇಲೆ ಪರ್ಮನೆಂಟ್ ಮಾಡುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಈ ದೇಶಕ್ಕೆ ಬಂದ ಹದಿನಾಲ್ಕು ವರ್ಷಗಳಲ್ಲಿ ಅವರ ಸ್ವಂತ ಹೆಸರಿನಲ್ಲಿ ಬರಬೇಕಿದ್ದ ಮೊದಲ ಕೆಲಸದ ಪತ್ರ ಅದು.

ಪೆಟ್ಟಿಗೆ ತೆರೆದ ದಿನ ನಾವಿಬ್ಬರೇ ಇದ್ದೆವು. ಕಸ್ತೂರಿ ತುಪ್ಪಳದ ಮೇಲೆ ಬಗ್ಗಿ ಬಾಲದ ಸಾಲುಗಳನ್ನು ಒಂದೊಂದಾಗಿ ನೋಡಿದರು.

"ಮೇಡಂ, ಈ ಕೆಳಗಿನ ಸಾಲು ಬ್ಯಾರೆ ಕೈ ಹೊಲದದ್ದರಿ."

ನಾನು ಕಾಗದದಿಂದ ತಲೆ ಎತ್ತಲಿಲ್ಲ. "ಕಸ್ತೂರಿ, ನೀವು ಹೊಲಿಗೆ ನೋಡ್ಕೊಳ್ಳಿ. ಹಿಸ್ಟರಿ ನಾನು ನೋಡ್ಕೋತೀನಿ."

"ಹೊಲಿಗೀನ ನೋಡಿ ಹೇಳಿದ್ನರಿ," ಎಂದು ಅವರು ಬೊಂಬೆಯ ಕಡೆ ತಿರುಗಿದರು.

ಧಾರವಾಡದವಳಾದ ನಾನು ಅವರ ಹತ್ತಿರ ನಮ್ಮೂರ ಮಾತು ಆಡುತ್ತಿರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರ ಹಾಗೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದೆ. ಅದರಿಂದ ಸ್ವಲ್ಪ ಎತ್ತರ ಕಾಣುತ್ತೇನೆಂಬ ಭ್ರಮೆ ನನಗಿತ್ತು.

ಮರುದಿನ ಕಸ್ತೂರಿ ನಿಲುವಂಗಿಯನ್ನು ಬೊಂಬೆಗೆ ತೊಡಿಸುವಾಗ ಕೆಳಗಿನ ಸಾಲಿನಿಂದ ಎರಡು ಬಾಲ ಕಳಚಿ ನೆಲಕ್ಕೆ ಬಿದ್ದವು. ಅಂದೇ ಮಧ್ಯಾಹ್ನ ಸಾಹೇಬರು ನೋಡಲು ಬಂದರು. ಅವರು ಕೂಗಾಡಲಿಲ್ಲ. ಕೂಗಾಡುವವರಾದರೆ ಎದುರು ಮಾತಾಡಬಹುದು. ಇವರು ತೊಡಿಸಿದವರ ಹಿನ್ನೆಲೆ ವಿಚಾರಿಸಿಕೊಂಡು, ತಣ್ಣಗೆ, ಕಸ್ತೂರಿ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ, "ರವಿಕೆ ಹೊಲಿಯುವವರ ಕೈಗೆ ಇದನ್ನು ಕೊಟ್ಟವರು ಯಾರು?" ಎಂದು ಮ್ಯಾನೇಜರನ್ನು ಕೇಳಿದರು. ಮ್ಯಾನೇಜರ್ ನನ್ನ ರಿಪೋರ್ಟ್ ತೆಗೆದು ಓದಿದರು. ಮೆಲ್ಬರ್ನಿನಲ್ಲಿ ಹೊಲಿಗೆ ಗಟ್ಟಿ ಇತ್ತು. ಅಂದಮೇಲೆ ಕಿತ್ತುಹೋದದ್ದು ಸಿಡ್ನಿಯಲ್ಲಿ, ಕಸ್ತೂರಿಯ ಕೈಯಲ್ಲಿ. ವಿಚಾರಣೆ ಮುಗಿಯುವ ತನಕ ಬರುವುದು ಬೇಡವೆಂದು ಅವರಿಗೆ ಹೇಳಿದರು. ಪುರಾತನ ವಸ್ತು ಹಾಳು ಮಾಡಿದವರೆಂದು ಒಮ್ಮೆ ದಾಖಲಾದರೆ ಪರ್ಮನೆಂಟ್ ಮಾತು ಹಾಗಿರಲಿ, ಈ ವೃತ್ತಿಯಲ್ಲಿ ಬೇರೆ ಯಾರೂ ಬಾಗಿಲು ತೆರೆಯುವುದಿಲ್ಲ.

ಕಸ್ತೂರಿ ತಮ್ಮ ಸೂಜಿಯ ಡಬ್ಬಿ ಎತ್ತಿಕೊಂಡರು. ಬಾಗಿಲ ಹತ್ತಿರ ನನ್ನ ಮುಖ ನೋಡಿ, "ನೀವು ಏನರೆ ಅಂತೀರಿ ಅಂತ ನಿಂತಿದ್ನರಿ," ಎಂದು ಹೇಳಿ ಹೋದರು. ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕಾರ್ಯಾಗಾರದ ಪರದೆ ಎಳೆದು, ಮೆಲ್ಬರ್ನಿನಲ್ಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಈಗಿನ ದಾರಕ್ಕೆ ಬೆಳ್ಳಗೆ ಹೊಳೆಯಲೆಂದು ರಾಸಾಯನಿಕ ಸೇರಿಸುತ್ತಾರೆ. ಯುವಿ ದೀಪದ ಕೆಳಗೆ ಅದು ನೀಲಿಯಾಗಿ ಬೆಳಗುತ್ತದೆ, ಹಳೆಯ ದಾರ ಮಂಕಾಗಿಯೇ ಇರುತ್ತದೆ. ಮೇಲಿನ ಎರಡು ಸಾಲು ಮಂಕಾಗಿದ್ದವು. ಮೂರನೇ ಸಾಲು ದೀಪಾವಳಿಯ ಸರದಂತೆ ಈ ತುದಿಯಿಂದ ಆ ತುದಿಗೆ ಬೆಳಗಿತು. ಹಿಂಬದಿ ತಿರುವಿದರೆ ಅಲ್ಲಿ ಹೊಸ ಗಂಟುಗಳ ಸಾಲು.

ಕಸ್ತೂರಿಗೆ ಫೋನ್ ಮಾಡಿ ಬರಲು ಕೇಳಿಕೊಂಡೆ. ಅವರು ಬಂದರು. ಬಿದ್ದ ಬಾಲವನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯಲ್ಲಿ ನೋಡಿ ಮೂಗು ಮುರಿದರು.

"ಇದು ಬಾಲನ ಅಲ್ರಿ. ಬಾಲ ಆದ್ರ ಒಳಗ ಚರ್ಮ ಇರತದ. ಇದು ಕೂದಲಾ ಒಟ್ಟ ಮಾಡಿ ಸೀರಿ ಕುಚ್ಚು ಕಟ್ಟಿದಂಗ ಕಟ್ಟ್ಯಾರ. ಅದನ್ನರೆ ಬರೋಬ್ಬರಿ ಕಟ್ಟ್ಯಾರೇನು? ಒಂದ ಗಂಟು! ನಮ್ಮ ಗಿರಾಕಿ ಆಗಿದ್ರ ಮುಖಕ್ಕ ಒಗೀತಿದ್ರು."

ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಮೊಲದ ಕೂದಲು, ಕಪ್ಪು ಬಣ್ಣ ಹಾಕಿದ್ದು. ಆ ಒಂಟಿ ಗಂಟು ಬೊಂಬೆಗೆ ತೊಡಿಸುವಾಗಿನ ಮಾಮೂಲಿ ಎಳೆತಕ್ಕೇ ಬಿಚ್ಚಿಕೊಂಡಿತ್ತು. ಹಾಗಾಗಿ ನಮ್ಮ ಮುಂದಿದ್ದದ್ದು ಎರಡೇ ಸಾಲಿನ, ಕಟ್ಟಕಡೆಯ ಮೆಟ್ಟಿಲಿನ ಯಾವನೋ ಬ್ಯಾರನ್ನನ ಉಡುಪು. ಯಾರೋ ಸೂಜಿ ದಾರ ಹಿಡಿದು ಅವನಿಗೆ ಬಡ್ತಿ ಕೊಟ್ಟಿದ್ದರು, ಅದೂ ವೈಕೌಂಟನ ಮೆಟ್ಟಿಲನ್ನು ಹಾರಿಸಿ.

ಮಧ್ಯಾಹ್ನ ಮ್ಯಾನೇಜರ್, ಸಾಹೇಬರು, ಕಸ್ತೂರಿ, ನಾನು ಒಂದೇ ಮೇಜಿನ ಸುತ್ತ ಕೂತೆವು. ನಾನು ದೀಪ ಹಿಡಿದು ತೋರಿಸಿದೆ. ಸಾಹೇಬರ ಮುಖ ಒಂದು ಗಳಿಗೆ ಇಂಗು ತಿಂದಂತಾಯಿತು. ಬೇಗನೇ ಸುಧಾರಿಸಿಕೊಂಡು, "ನಮ್ಮಜ್ಜಿ ಯಾವಾಗಲೋ ದುರಸ್ತಿ ಮಾಡಿಸಿರಬೇಕು," ಎಂದರು. ಅಜ್ಜಿಯ ಕಾಲದಲ್ಲಿ ಆ ದಾರ ಹುಟ್ಟಿಯೇ ಇರಲಿಲ್ಲ ಎಂದೆ. ಆಗ ಅವರು ದೊಡ್ಡ ಮನಸ್ಸು ಮಾಡಿದರು. ಎರಡು ಬಾಲಗಳನ್ನು ಮತ್ತೆ ಹೊಲಿದುಬಿಟ್ಟರೆ ದೂರು ಹಿಂದಕ್ಕೆ ಪಡೆಯುತ್ತಾರಂತೆ. ಹೆಸರಿನ ಫಲಕದಲ್ಲಿ ಅರ್ಲ್ ಎಂದು ಇರಬೇಕು, ಅಷ್ಟೇ. ಹೊಲಿಗೆಯ ಹೆಂಗಸಿನ ಕೆಲಸಕ್ಕೆ ತೊಂದರೆ ಮಾಡುವ ಇಚ್ಛೆ ಅವರಿಗಿಲ್ಲ.

ಪ್ರದರ್ಶನಕ್ಕೆ ಮೂರೇ ದಿನ ಇತ್ತು. ಮ್ಯಾನೇಜರ್ ತಕ್ಷಣ ಗೋಣು ಆಡಿಸಿದರು. ನನಗೂ ಆ ಮಾತು ಸಿಹಿಯಾಗಿಯೇ ಕೇಳಿತು. ಕಸ್ತೂರಿಯ ಕೆಲಸ ಉಳಿಯುತ್ತದೆ, ನನ್ನ ರಿಪೋರ್ಟಿನ ಬಂಡವಾಳವೂ ಬಯಲಾಗುವುದಿಲ್ಲ. ಕಸ್ತೂರಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ, "ನಿಮ್ಮ ಕೆಲಸಕ್ಕೆ ಪ್ರಾಬ್ಲಮ್ ಇರಲ್ವಂತೆ. ಹೊಲಿದುಬಿಡ್ತೀರಾ?"

"ಹೊಲೀಬಹುದ್ರಿ. ಐದು ಮಿನಿಟಿನ ಕೆಲಸ," ಎಂದರು ಕಸ್ತೂರಿ. "ಆದ್ರ ನಾ ಹೊಲದೆ ಅಂದ್ರ, ನಾನ ಹರದೀನಿ ಅಂತ ಒಪ್ಪಿಕೊಂಡಂಗ ಆತಲ್ರಿ. ಆ ಪತ್ರ ನನಗ ಹಂಗ ಬ್ಯಾಡ."

ಅವರು ಏನೆಂದರೆಂದು ಸಾಹೇಬರು ಕೇಳಿದರು. ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಮೇಲೆ ನನ್ನ ರಿಪೋರ್ಟನ್ನು ಮುಂದಕ್ಕೆ ಎಳೆದುಕೊಂಡೆ. ನಮ್ಮಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ, ಓದಲು ಬರುವಂತೆ ಒಂದೇ ಗೆರೆ ಎಳೆದು ತಿದ್ದಬೇಕು. ಗೆರೆ ಎಳೆದು ಬರೆದೆ: 'ಮೆಲ್ಬರ್ನಿನಲ್ಲಿ ನಾನು ಹಿಂಬದಿ ನೋಡಲಿಲ್ಲ, ದೀಪ ಹಿಡಿಯಲಿಲ್ಲ. ಮೂರನೇ ಸಾಲು ಈಚಿನದು. ಅದನ್ನು ಮೊದಲು ಗುರುತಿಸಿದವರು ಕಸ್ತೂರಿ. ಅವರು ಹೇಳಿದಾಗ ನಾನು ಕೇಳಲಿಲ್ಲ.' ಕೆಳಗೆ ಸಹಿ ಹಾಕಿದೆ. ಮೂವತ್ತು ವರ್ಷದ ಹೆಸರು ಅದು.

ಬ್ಯಾರನ್ ಎಂಬ ಫಲಕದ ಹಿಂದೆ ತಮ್ಮ ಮನೆತನದ ಉಡುಪು ನಿಲ್ಲುವುದು ಸಾಹೇಬರಿಗೆ ಬೇಡವಾಯಿತು. ವಾಪಸ್ ಕಳಿಸಿ ಎಂದು ಎದ್ದು ಹೋದರು. ಬೆಲೆಬಾಳುವ ವಸ್ತುವಿನ ಜೊತೆ ಸಂಸ್ಥೆಯವರು ಹೋಗಿ ಮನೆ ಮುಟ್ಟಿಸುವುದು ವಾಡಿಕೆ. ಈ ಸಲ ಕಸ್ತೂರಿಯೂ ನಾನೂ ಮೆಲ್ಬರ್ನಿಗೆ ಹೋದೆವು. ವಿಮಾನದಲ್ಲಿ ಪಕ್ಕಪಕ್ಕ ಕೂತಾಗ ನಾನು ಅವರಿಗೆ, "ನಂದು ತಪ್ಪಾತ್ರಿ ಕಸ್ತೂರಿ," ಎಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಿ, "ನಿಮಗೂ ಹಿಂಗ ಮಾತಾಡಾಕ ಬರತದನ?" ಎಂದು ನಕ್ಕರು.

ಸಾಹೇಬರ ಮನೆಯಲ್ಲಿ ಅಂದು ಚಹಾ ಬರಲಿಲ್ಲ. ಕಸ್ತೂರಿ ಯಾರ ಅಪ್ಪಣೆಗೂ ಕಾಯದೆ ಉಡುಪನ್ನು ಮೇಜಿನ ಮೇಲೆ ಬೋರಲು ಹಾಕಿ, ಪರದೆ ಎಳೆದು ದೀಪ ಹಿಡಿದರು. ನೋಡಿದ್ದನ್ನು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. 'ಮೂಲದ ಸಾಲು ಎರಡು. ಮೂರನೆಯದು ಈಚಿನ ಸೇರ್ಪಡೆ. ಪೊಟ್ಟಣದಲ್ಲಿ ಪ್ರತ್ಯೇಕವಾಗಿ, ಬಣ್ಣ ಹಾಕಿದ ಮೊಲದ ಕೂದಲಿನ ಕುಚ್ಚು, ಎರಡು.' ಪರೀಕ್ಷಿಸಿದವರು ಎಂಬಲ್ಲಿ ಕಸ್ತೂರಿ ತಮ್ಮ ಪೂರ್ತಿ ಹೆಸರು ಬರೆದರು. ಅದರ ಕೆಳಗೆ ಮಾಲೀಕರ ಸಹಿ ಬೀಳದೆ ವಸ್ತು ಕೈ ಸೇರುವಂತಿಲ್ಲ. ಸಾಹೇಬರು ಎರಡು ಸಲ ಓದಿದರು. ಪೆನ್ನು ಕೇಳಿದರು. ಕಸ್ತೂರಿ ತಮ್ಮದನ್ನೇ ಕೊಟ್ಟರು.

ಹೊರಗೆ ಟ್ರ್ಯಾಮ್ ಸ್ಟಾಪಿನಲ್ಲಿ ನಿಂತಾಗ, "ಸಹಿ ಮಾತ್ರ ಭಾಳ ಚಂದ ಮಾಡತಾನ್ರಿ," ಎಂದರು ಕಸ್ತೂರಿ.

ಅವರಿಗೆ ಪರ್ಮನೆಂಟ್ ಪತ್ರ ಬಂತು. ನನ್ನ ಕಾಂಟ್ರ್ಯಾಕ್ಟನ್ನು ಆ ಸಂಸ್ಥೆ ಮುಂದುವರಿಸಲಿಲ್ಲ, ಅದು ನ್ಯಾಯವೇ. ಉಳಿದ ದಿನಗಳನ್ನು ಬೇರೆ ಕಡೆ ದುಡಿದು ಮುಗಿಸಿದೆ. ಎಲ್ಲಿಗೆ ಹೋದರೂ ವಸ್ತುವನ್ನು ಮೊದಲು ತಿರುವಿ ನೋಡಿದೆ, ಮಾಲೀಕರ ಮಾತನ್ನು ಆಮೇಲೆ ಕೇಳಿದೆ, ಚಹಾವನ್ನು ಸಹಿಯಾದ ಮೇಲಷ್ಟೇ ಕುಡಿದೆ. ವೃತ್ತಿ ಕಲಿಸಿದ ಪಾಠ ಇಷ್ಟೇ ಎಂದು ಮುಗಿಸಬಹುದಿತ್ತು, ಆದರೆ ಅದು ಅರ್ಧ ಪಾಠ. ಬಾಲ ಹೊಲಿದುಕೊಂಡು ದೊಡ್ಡವರಾಗಲು ಹೊರಟ ಆ ಮನುಷ್ಯರನ್ನು ಕಂಡರೆ ನನಗೆ ಈಗಲೂ ಅಸಹ್ಯ. ಆದರೆ ಪೆಟ್ಟಿಗೆ ತೆರೆದ ದಿನ ಕಸ್ತೂರಿಗಿಂತ ಅರ್ಧ ಸಾಲು ಮೇಲಿದ್ದೇನೆಂದು ತಿಳಿದು ತಲೆ ಎತ್ತದೆ ಕೂತಿದ್ದವಳು ನಾನು.