ಗ್ರೀಕರ ಕೇರಿಯಲ್ಲಿ ಒಂದು ಅಂಕದ ಪ್ರಶ್ನೆ

ಇಸ್ತಾಂಬುಲ್ಲಿನ ಆ ಕೇರಿಗೆ ಹೋಗಿಬಂದು ಇನ್ನೂ ವರ್ಷ ತುಂಬಿಲ್ಲ. ಹೋಗುವ ಮುಂಚೆ ಶಿಡ್ಲಘಟ್ಟದಲ್ಲಿ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿಕೊಂಡಿದ್ದೆ. ಈಗ ಯಾರಾದರೂ ಕೇಳಿದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಮಾತು ತೇಲಿಸಿಬಿಡುತ್ತೇನೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು. ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ವ್ಯಾಪಾರದ ದಾರಿ ಮುಚ್ಚಿತು, ಯುರೋಪಿನವರು ಸಮುದ್ರಕ್ಕಿಳಿದರು. ಹತ್ತನೇ ತರಗತಿಯ ಪ್ರತಿಯೊಂದು ಬ್ಯಾಚಿನ ತಲೆಗೂ ಇದನ್ನು ತುರುಕಿದ್ದೇನೆ. ಒಂದು ಅಂಕದ ಪ್ರಶ್ನೆ. ದನ ಕಾಯಲೂ ಬಾರದ ಹುಡುಗನಿಗೂ ಆ ಒಂದು ಅಂಕ ಗ್ಯಾರಂಟಿ. ಆ ಕಾನ್‌ಸ್ಟಾಂಟಿನೋಪಲ್ಲೇ ಇವತ್ತಿನ ಇಸ್ತಾಂಬುಲ್ ಆದ್ದರಿಂದ ಆ ಊರಿನ ಮೇಲೆ ಚಿಕ್ಕಬಳ್ಳಾಪುರದ ಟೂರ್ ಏಜೆಂಟನಿಗಿಂತ ನನಗೇ ಹೆಚ್ಚು ಹಕ್ಕಿದೆ ಎಂದು ನಂಬಿಕೊಂಡಿದ್ದೆ.

ಹೆಂಡತಿಗೆ ಮಂಡಿನೋವು. ಅವಳ ಜಾಗಕ್ಕೆ ಅಕ್ಕ ಬಂದಳು. ಅಕ್ಕನನ್ನು ಕೊಟ್ಟಿರುವುದು ಅಂಬಾಜಿದುರ್ಗದ ಬುಡದ ಒಂದು ಹಳ್ಳಿಗೆ. ಅವಳು ಓದಿದ್ದು ಏಳನೇ ಕ್ಲಾಸು. ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯಲು ಒಬ್ಬರು ಬೇಕಿತ್ತು. ಅವಳು ಕೊಯ್ದಳು, ನಾನು ಓದಿದೆ. ಇದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ. ವಿಮಾನದಲ್ಲಿ ಅವಳ ಬೆಲ್ಟು ಬಿಗಿಯುತ್ತಿದ್ದಾಗ ಮಾತ್ರ ಹೇಳಿದಳು:

"ನನ್ ಪಾಲ್ದೂ ನೀನೇ ಓದಿದೀಯ ಕಣೋ. ಅದೇನ್ ಓದ್ದೆ ಅಂತ ಈಗಾದ್ರೂ ತೋರ್ಸಪ್ಪ."

ಆಯ್ತು ಅಕ್ಕ ಅಂದೆ. ಊರವರು, ಹೆಂಡತಿ, ಮಕ್ಕಳು ನನ್ನ ಬಗ್ಗೆ ಏನಂದುಕೊಂಡರೂ ನಾನು ಸೊಪ್ಪು ಹಾಕುವವನಲ್ಲ. ಅಕ್ಕನ ಕಣ್ಣಿನಲ್ಲಿ ಮಾತ್ರ ಸಣ್ಣವನಾಗಬಾರದು ಎಂಬ ಆಸೆ ನನಗೆ ಚಿಕ್ಕಂದಿನಿಂದಲೂ ಇದೆ. ಅವಳು ಬಿಟ್ಟ ಓದು ದಂಡವಾಗಲಿಲ್ಲ ಎಂದು ತೋರಿಸಬೇಕಿತ್ತು. ಆ ಪ್ರವಾಸದಲ್ಲಿ ನನಗಿದ್ದದ್ದು ಅದೊಂದೇ ಕೆಲಸ.

ಏಜೆಂಟನು "ನೀರಿನ ದಡದಲ್ಲಿ ಗ್ರೀಕರ ಕಾಲದ ಕೇರಿ" ಎಂದು ಹೇಳಿದ್ದರಿಂದ ನಮ್ಮ ತಂಡದವರೆಲ್ಲ ಅಮೃತಶಿಲೆಯ ಕಂಬಗಳನ್ನು ಕಲ್ಪಿಸಿಕೊಂಡು ಬಂದಿದ್ದರು. ಬಸ್ಸು ಇಳಿಸಿದ್ದು ಒಂದು ಗಿಜಿಗುಡುವ ರಸ್ತೆಯ ಪಕ್ಕ. ಎದುರಿಗಿದ್ದ ನೀರಿಗೆ ಅವರು ಚಿನ್ನದ ಕೊಂಬು ಎಂದು ಹೆಸರಿಟ್ಟುಕೊಂಡಿದ್ದಾರೆ. ಬಣ್ಣವೇನೋ ನಮ್ಮೂರ ಕೆರೆಯದೇ. ದಡದುದ್ದಕ್ಕೂ ಗಾಳ ಹಿಡಿದು ನಿಂತ ಕೆಲಸವಿಲ್ಲದ ಗಂಡಸರು, ಅವರ ಕಾಲಬುಡದಲ್ಲಿ ಮೀನಿಗೆ ಕಾಯುವ ಬೆಕ್ಕುಗಳು.

ಒಳಗಿನ ಬೀದಿಗಳು ಇನ್ನೂ ಚೆನ್ನ. ಒಂದರ ಭುಜಕ್ಕೊಂದು ಒರಗಿ ನಿಂತ ಕಿರಿದಾದ ಮೂರಂತಸ್ತಿನ ಮನೆಗಳು. ಕೆಲವು ಬೀಳುವ ಹಾಗಿವೆ, ಕೆಲವಕ್ಕೆ ಬೇಕರಿಯ ಕೇಕಿನ ಹಾಗೆ ಗುಲಾಬಿ, ಹಳದಿ, ನೇರಳೆ ಬಣ್ಣ ಬಳಿದಿದ್ದಾರೆ. ಬಳಿದ ಮನೆಗಳ ಮುಂದೆ ಹುಡುಗಿಯರು ಟೋಪಿ ಹಾಕಿಕೊಂಡು ಒಂದೇ ಮೆಟ್ಟಿಲಿನ ಮೇಲೆ ಸರದಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ಮೆಟ್ಟಿಲು ಯಾರದ್ದೆಂದು ಅವರಲ್ಲಿ ಒಬ್ಬಳಿಗಾದರೂ ಗೊತ್ತಿತ್ತೇ? ನನಗೆ ಅವರನ್ನು ಕಂಡು ಮೈಯೆಲ್ಲ ಉರಿಯಿತು.

ನಮ್ಮವರೇನು ಕಡಿಮೆಯೇ? ಗೌರಿಬಿದನೂರಿನ ಒಬ್ಬ ನಿವೃತ್ತ ಎಂಜಿನಿಯರು ಸೊಂಟದ ಮೇಲೆ ಕೈಯಿಟ್ಟು ಕೇರಿಯನ್ನೆಲ್ಲ ಅಳೆದು ನೋಡಿದರು.

"ಕಂಬಗಳೆಲ್ಲಿ ಸಾರ್?"

"ಇಲ್ಲಿ ಕಂಬ ಇರಲ್ಲ" ಅಂದೆ.

"ಮತ್ತೆ ಇದನ್ನೇನ್ ನೋಡೋದು? ಒಂದ್ ಜೆಸಿಬಿ ತಂದ್ರೆ ಮಧ್ಯಾಹ್ನಕ್ಕೆಲ್ಲ ಸಾಫ್."

ಅಂಥವರಿಗೆ ಇತಿಹಾಸ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಟೀ ಅಂಗಡಿಯಲ್ಲಿ ಅವರು ದೊಡ್ಡ ಮೀಸೆಯ ಮಾಲೀಕನನ್ನು ನಮ್ಮ ಹೋಟೆಲುಗಳಲ್ಲಿ ಕರೆಯುವ ಹಾಗೆಯೇ "ಅಣ್ಣಾ, ಇನ್ನೊಂದ್ ಟೀ" ಎಂದು ಕೂಗಿ ಕರೆದರು. ಅಂಗಡಿಯವರೆಲ್ಲ ನಗತೊಡಗಿದರು. ನಮ್ಮ ಗೈಡ್ ಆ ಊರಿನವಳೇ ಒಬ್ಬ ಹುಡುಗಿ. ಅವರ ಭಾಷೆಯಲ್ಲಿ ಅದು ತಾಯಿಯನ್ನು ಕರೆದ ಹಾಗೆ ಕೇಳಿಸುತ್ತದೆ ಎಂದು ಅವಳು ವಿವರಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅವಳ ಇಂಗ್ಲಿಷನ್ನು ಕನ್ನಡ ಮಾಡುವ ಕೆಲಸ, ಮೇಷ್ಟ್ರು ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತ್ತು. ಅವಳು ಹತ್ತು ಮಾತಾಡಿದರೆ ನಾನು ಎರಡನ್ನು ದಾಟಿಸಿ ಎಂಟನ್ನು ನನ್ನ ಕಡೆಯಿಂದ ಸೇರಿಸುತ್ತಿದ್ದೆ. ಅವಳು ಹೇಳುತ್ತಿದ್ದದ್ದಾದರೂ ಏನು? ಈ ಮೂಲೆಯಲ್ಲಿ ಟೋಪಿ ಹೊಲಿಯುವವನಿದ್ದ, ಆ ಮನೆಯಲ್ಲಿ ಒಬ್ಬ ಡಾಕ್ಟರಿದ್ದ. ಯಾವ ಪರೀಕ್ಷೆಯಲ್ಲಿ ಕೇಳುತ್ತಾರೆ ಇದನ್ನು? ನಾನು ಅದನ್ನೆಲ್ಲ ಕತ್ತರಿಸಿ ಕೋಟೆ, ಫಿರಂಗಿ, ಸುಲ್ತಾನ ಎಂದು ಕೈಬೀಸಿ ಹೇಳುತ್ತಿದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು. ಆ ನೋಟಕ್ಕಾಗಿ ಇನ್ನೂ ಎರಡು ಸುಲ್ತಾನರನ್ನು ಸೇರಿಸಲೂ ನಾನು ತಯಾರಿದ್ದೆ.

ಏರು ಹತ್ತಿದರೆ ಗುಡ್ಡದ ತಲೆಯ ಮೇಲೆ ಕೆಂಪು ಇಟ್ಟಿಗೆಯ ಭಾರಿ ಕಟ್ಟಡ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿ ನೋಡಿದಳು.

"ಇದೇನೋ, ಅರಮನೇನಾ?"

"ಇಸ್ಕೂಲು ಅಕ್ಕ. ಗ್ರೀಕ್ ಮಕ್ಕಳದ್ದು. ಈಗ ಮಕ್ಕಳಿಲ್ವಂತೆ, ಎಲ್ಲೋ ಕೆಲವೇ ಜನ."

"ಇಷ್ಟ್ ದೊಡ್ಡ ಇಸ್ಕೂಲಿಗೆ ಮಕ್ಳಿಲ್ವಾ? ಆ ಜನ ಎಲ್ಲೋದ್ರಂತೆ, ಕೇಳು."

ಗೈಡ್ ಪಕ್ಕದಲ್ಲೇ ಇದ್ದಳು. ನಾನು ಕೇಳಲಿಲ್ಲ. ಉತ್ತರ ನನ್ನ ಬಾಯಲ್ಲೇ ಇರುವಾಗ ಅವಳನ್ನೇಕೆ ಕೇಳಲಿ?

"ಟರ್ಕರು ಬಂದ್ರಲ್ಲ ಅಕ್ಕ, ಆವತ್ತೇ ಗಂಟುಮೂಟೆ ಕಟ್ಕೊಂಡು ಹಡಗು ಹತ್ತಿ ಓಡಿಹೋದ್ರು. ಒಂದು ನರಪಿಳ್ಳೆ ಉಳೀಲಿಲ್ಲ. ಐನೂರು ವರ್ಷದ ಮೇಲಾಯ್ತು."

"ಪಾಪ, ಒಂದೇ ದಿನಕ್ಕೆ?" ಅಂದಳು ಅಕ್ಕ. ಎಂಜಿನಿಯರು ಕೂಡ ತಲೆ ಆಡಿಸಿದರು.

ಇಳಿಯುವಾಗ ಅವಳಿಗೆ ಸುಸ್ತಾಯಿತು. ಬೀಗ ಹಾಕಿದ ಒಂದು ಹಳೆಯ ಮನೆಯ ಮೆಟ್ಟಿಲ ಮೇಲೆ ಕೂತಳು, ನೀರು ಕುಡಿದಳು. ಏಳುವಾಗ ಬಾಗಿಲ ಮೇಲಿನ ಕಲ್ಲು ಅವಳ ಕಣ್ಣಿಗೆ ಬಿತ್ತು. ಇಂಗ್ಲಿಷ್ ಅಂಕಿಗಳು ಅವಳಿಗೆ ಚೆನ್ನಾಗಿ ಬರುತ್ತವೆ, ರೇಷ್ಮೆಗೂಡಿನ ಮಾರುಕಟ್ಟೆಯ ಚೀಟಿ ಓದಿ ಓದಿ.

"ಒಂದು, ಎಂಟು, ಎಂಟು... ಕೊನೇದು ಕಿತ್ತೋಗಿದೆ. ಇದು ಮನೆ ಕಟ್ಟಿದ್ ಇಸವಿ ಅಲ್ವೇನೋ?"

"ಹೂಂ."

"ಪಕ್ಕದಲ್ಲಿರೋ ಅಕ್ಷರ ಯಾವ್ದು?"

"ಗ್ರೀಕು."

ಅಕ್ಕ ಬೆರಳು ಮಡಿಸಿದಳು. "ಐನೂರ್ ವರ್ಷದ ಹಿಂದೆ ಓಡೋದೋರು ನೂರ್ ಚಿಲ್ರೆ ವರ್ಷದ ಹಿಂದೆ ಬಂದು ಮನೆ ಎಂಗೆ ಕಟ್ಟಿದ್ರು?"

ಬೇರೆ ಯಾರೋ ಇರಬೇಕು ಎಂದು ಗೊಣಗಿದೆ.

"ಆ ಹುಡುಗೀನ ಕೇಳು" ಅಂದಳು ಅಕ್ಕ.

ಕೇಳಿದೆ. ಹುಡುಗಿ ನಿಧಾನವಾಗಿ, ನನ್ನ ಮೇಲೆ ಕನಿಕರಪಟ್ಟವಳಂತೆ ಹೇಳಿದಳು. ಆವತ್ತು ಎಷ್ಟೋ ಜನ ಸತ್ತರು, ಸೆರೆಯಾದರು, ಕೆಲವರು ಓಡಿದರು. ಆದರೆ ಉಳಿದವರೂ ಇದ್ದರು. ಆಮೇಲೆ ಸುಲ್ತಾನನೇ ಹೊರಗಿನಿಂದ ಗ್ರೀಕರನ್ನು ಕರೆತಂದು ನೆಲೆಗೊಳಿಸಿದ. ಈ ದಡದಲ್ಲಿ ಅವರು ನೂರಾರು ವರ್ಷ ವ್ಯಾಪಾರ ಮಾಡಿದರು, ಮನೆ ಕಟ್ಟಿದರು, ಗುಡ್ಡದ ಮೇಲೆ ಶಾಲೆ ಕಟ್ಟಿದರು. ಖಾಲಿಯಾದದ್ದು ಹತ್ತಿರದ ಕಾಲದಲ್ಲಿ, ಸ್ವಲ್ಪ ಸ್ವಲ್ಪವಾಗಿ. ಕೆಲವರ ಅಂಗಡಿ ಒಡೆದರು, ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು, ಮಿಕ್ಕವರು ಹೆದರಿ ಹೋದರು. ಅವಳ ಅಜ್ಜಿಯ ಜೊತೆ ಆಡಿಕೊಂಡಿದ್ದ ಇಬ್ಬರು ಗೆಳತಿಯರು ಈಗಲೂ ಅಥೆನ್ಸಿನಲ್ಲಿ ಬದುಕಿದ್ದಾರೆ, ಹಬ್ಬ ಬಂದರೆ ಫೋನ್ ಮಾಡುತ್ತಾರೆ.

ಅಕ್ಕ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಎರಡನ್ನು ದಾಟಿಸಿ ಎಂಟನ್ನು ನುಂಗಬಹುದಿತ್ತು, ಅಭ್ಯಾಸವಾಗಿಬಿಟ್ಟಿತ್ತು. ಆದರೆ ಈ ಸಲ ಏನನ್ನೂ ಸೇರಿಸಲಿಲ್ಲ. ಒಂದು ಮಾತೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ಜನ ಓಡಿಹೋದರೆಂದು ಪಾಠದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಊರು ಹಿಡಿದರು, ದಾರಿ ಮುಚ್ಚಿತು, ಅಷ್ಟೇ ಇತ್ತು. ಗಂಟುಮೂಟೆ, ಹಡಗು, ನರಪಿಳ್ಳೆ ಎಲ್ಲವೂ ನಾನು ಸೇರಿಸಿದ್ದು. ಹಿಂದಿನ ಬೆಂಚಿನವರು ತೂಕಡಿಸದಿರಲಿ ಎಂದು ಯಾವುದೋ ವರ್ಷ ಶುರುಮಾಡಿದ್ದನ್ನು ಆಮೇಲೆ ನಾನೇ ನಂಬಿಬಿಟ್ಟಿದ್ದೆ. ಅವತ್ತು ಬೆಳಗಿನಿಂದ ನಾನು ಎಷ್ಟು ಜನರನ್ನು ಹೀಗಳೆದಿದ್ದೆನೋ, ಅವರಲ್ಲಿ ಒಬ್ಬರಾದರೂ ಸುಳ್ಳು ಹೇಳಿರಲಿಲ್ಲ.

ಅಕ್ಕ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ನಗಲೂ ಇಲ್ಲ. ಮೆಲ್ಲಗೆ ಕೇಳಿದಳು:

"ಇಸ್ಕೂಲ್ ಮಕ್ಳಿಗೂ ಹಿಂಗೇ ಹೇಳ್ಕೊಟ್ಯೇನಪ್ಪ?"

ಹೂಂ ಅಂದೆ.

ಅವಳು ಸೀರೆಯ ಧೂಳು ಕೊಡವಿಕೊಂಡು ಬೀದಿ ಇಳಿದಳು. ಅಲ್ಲಿಂದ ಮುಂದೆ ಏನು ತಿಳಿದುಕೊಳ್ಳಬೇಕಾದರೂ ಆ ಹುಡುಗಿಯ ಕೈ ಹಿಡಿದು ನಿಲ್ಲಿಸಿ, ನೇರವಾಗಿ ಅವಳನ್ನೇ ಕೇಳಿದಳು, ಕನ್ನಡದಲ್ಲಿ.